ಎರಡನೇ ನಂಬರಿನ ಚೀಲ

"ಪ್ರೆಸ್ಸಿನವರಿಗೆ ಯಾಕ ಕೊಡಬೇಕು? ನಿನ್ನ ಕ್ಯಾಟಲಾಗು ನಾನ ಮಾಡ್ತೀನಿ. ನೋಡಿದವರು ಹೌಹಾರಬೇಕು!"

ಗೋವಿಂದರಾಜ ಹೀಗೆ ಭೀಷ್ಮಪ್ರತಿಜ್ಞೆ ಮಾಡಿದಾಗ, ಬಾಳೆನಾರಿನ ಚೀಲ ಹೆಣೆಯುತ್ತಿದ್ದ ರೇಣುಕಾದೇವಿ ಕೈ ನಿಲ್ಲಿಸಿ ದೇವರ ಫೋಟೊ ಕಡೆ ಒಮ್ಮೆ ನೋಡಿದಳು. ಆನೆಗೊಂದಿಯ ಆ ಮನೆಯಲ್ಲಿ ಗಂಡನ ಪ್ರತಿಜ್ಞೆಗಳಿಗೆ ಎಂದೂ ಬರವಿರಲಿಲ್ಲ. ಆದರೆ ಈ ಸಲ ಪಣಕ್ಕಿದ್ದದ್ದು ಅವಳ ಮೊದಲ ದೊಡ್ಡ ಆರ್ಡರು. ಕೊಪ್ಪಳದಲ್ಲಿ ಅಂಗಡಿ ಇಟ್ಟಿದ್ದ ಕಸ್ತೂರೆಮ್ಮ, "ಚೀಲದ ಫೋಟೊ ಕಳಸ್ರಿ, ಮನಸ್ಸಿಗೆ ಬಂದ್ರ ಇಪ್ಪತ್ತೈದು ತಗೋತೀನಿ" ಎಂದಿದ್ದರು.

ಚೀಲ ಇದ್ದದ್ದು ಒಂದೇ ನಮೂನೆ, ಒಂದೇ ಕೆಂಪು. ಒಂದೇ ಫೋಟೊ ಹಾಕಿದರೆ ಕ್ಯಾಟಲಾಗಿನ ಮರ್ಯಾದೆ ಏನಾಗಬೇಕು! ಗೋವಿಂದರಾಜ ಚೀಲದ ಮುಂದಿನ ಮಗ್ಗುಲಿನ ಫೋಟೊ ತನ್ನ ಮೊಬೈಲಿನಲ್ಲಿ ಹೊಡೆದ, ಹಿಂದಿನದನ್ನು ಸ್ಟುಡಿಯೋದಲ್ಲಿ ತೆಗೆಸಿದ. ಒಂದು, ಎರಡು ಎಂದು ನಂಬರು ಕೊಟ್ಟು ಪಿಡಿಎಫ್ ಮಾಡಿ ಕಂಪ್ಯೂಟರಿನಲ್ಲಿ ನೋಡಿದ. ಎರಡೂ ಕುಂಕುಮದಂತೆ ಕೆಂಪು! ಕಳಿಸಿ ಮೀಸೆ ತಿರುವಿದ.

ಎರಡು ದಿನಕ್ಕೆ ಕಸ್ತೂರೆಮ್ಮನ ಫೋನು ಬಂತು.

"ಪ್ರಿಂಟ್ ತಗಿಸಿ ನೋಡಿದೆ ರೇಣುಕವ್ವ. ಒಂದನೇ ನಂಬರಿನ ಕೆಂಪು ಬ್ಯಾಡ. ಎರಡನೇ ನಂಬರಿಂದು ಚಾಕ್ಲೇಟ್ ಬಣ್ಣ ಐತಲ್ಲ, ಅದು ಭಾಳ ಛಲೋ ಐತಿ. ಅದನ್ನ ಇಪ್ಪತ್ತೈದು ಕಳಸ್ರಿ."

ಫೋನಿಟ್ಟವಳೇ ರೇಣುಕಾದೇವಿ ಗಂಡನತ್ತ ತಿರುಗಿದಳು. "ಮನ್ಯಾಗ ಇಲ್ಲದ ಚೀಲ ಮಾರೀರಲ್ರಿ!"

ಗೋವಿಂದರಾಜ ಪಿಡಿಎಫ್ ಹಿಡಿದು ಗಂಗಾವತಿಗೆ, ಮಲಿಕಸಾಬನ ಡಿಟಿಪಿ ಅಂಗಡಿಗೆ ಓಡಿದ. ಅಲ್ಲಿಯ ಪ್ರಿಂಟಿನಲ್ಲೂ ಅದೇ ಚಾಕ್ಲೇಟು. ಮಲಿಕಸಾಬ ನಕ್ಕ.

"ಸರ, ಒಂದೊಂದು ಫೋಟೊದೊಳಗ ಬಣ್ಣ ಹೆಂಗ ಓದಬೇಕು ಅಂತ ಒಂದು ಚೀಟಿ ಇದ್ದಂಗ ಇರ್ತೈತ್ರಿ. ಕಲರ್ ಪ್ರೊಫೈಲ್ ಅಂತಾರ. ಮೊಬೈಲಿಂದು ಒಂದು, ಸ್ಟುಡಿಯೋದ್ದು ಬ್ಯಾರೆ. ನಿಮ್ಮ ಕಂಪ್ಯೂಟರ್ ಎರಡೂ ಓದೈತಿ, ಪ್ರಿಂಟರ್ ಒಂದ ಓದೈತಿ. ಸರಿ ಮಾಡ್ಲೇನು? ಎರಡೂ ಕೆಂಪ ಬರ್ತಾವು."

"ಈಗ ಸರಿ ಮಾಡಿ ಏನ್ ಮಾಡ್ಲೋ ಮಾರಾಯ? ಆರ್ಡರ್ ಬಂದದ್ದ ಕೆಟ್ಟ ಬಣ್ಣಕ್ಕ!"

ಮನೆಗೆ ಬಂದು, "ತಪ್ಪಾತು ಅಂತ ಕಸ್ತೂರೆಮ್ಮಗ ಹೇಳಿಬಿಡ್ಲೇನು?" ಎಂದು ಮೆಲ್ಲಗೆ ಕೇಳಿದ. ಅವನಿಗೆ ನಿಜವಾಗಿಯೂ ನಾಚಿಕೆಯಾಗಿತ್ತು.

"ಬಂದ ಆರ್ಡರ್ ನಾ ಬಿಡಂಗಿಲ್ಲ" ಎಂದಳು ರೇಣುಕಾದೇವಿ. ಪ್ರಿಂಟನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ ಕೆಂಪು ನಾರನ್ನು ಬಣ್ಣದ ನೀರಿಗೆ ಹಾಕಿದಳು. ಮೊದಲ ಸಲ ಅದು ಮಸಿಯಾಯಿತು, ಎರಡನೇ ಸಲ ಬದನೆಕಾಯಿಯಾಯಿತು. ಕೊನೆಗೆ ಮನೆಯ ಚಹಾಪುಡಿಯನ್ನೆಲ್ಲ ಕಬ್ಬಿಣದ ಬಾಣಲಿಗೆ ಸುರಿದು ಅದರಲ್ಲಿ ನಾರನ್ನು ಕುದಿಸಿದಳು. ಗೋವಿಂದರಾಜ ಬೆವರು ಸುರಿಸುತ್ತ ಕೋಲು ಆಡಿಸಿದ.

"ಪ್ರಿಂಟಿನ್ಯಾಗ ಇನ್ನೊಂದೀಟು ಹೊಳಪು..."

"ಬಾಯಿ ಬ್ಯಾಡ, ಕೋಲು ಆಡಸ್ರಿ!"

ಸಂಜೆಗೆ ಬಣ್ಣ ಕೂಡಿಬಂತು, ಅಚ್ಚು ಎರಡನೇ ನಂಬರು. ಆ ವಾರವೆಲ್ಲ ಮನೆಯಲ್ಲಿ ಚಹಾ ಇರಲಿಲ್ಲ, ಆದರೂ ಗಂಡ ಹೆಂಡತಿ ಇಬ್ಬರೂ ಖುಷಿಯಾಗಿದ್ದರು.

ಚೀಲಗಳು ಮುಟ್ಟಿದ ದಿನ ಕಸ್ತೂರೆಮ್ಮ ಮತ್ತೆ ಫೋನು ಮಾಡಿದರು. "ಇಂಥಾ ಬಣ್ಣ ಎಲ್ಲೂ ನೋಡಿಲ್ಲ ಬಿಡವ್ವ! ಮುಂದಿನ ಸಲ ಇನ್ನೊಂದು ಹೊಸ ಬಣ್ಣ ಮಾಡ್ತೀರೇನು?"

ಗೋವಿಂದರಾಜ ಅಂಗಿಯ ಕಾಲರು ಸರಿಮಾಡಿಕೊಂಡ.

"ಅದಕ್ಕೇನ್ರಿ ಅಕ್ಕಾರ" ಎಂದಳು ರೇಣುಕಾದೇವಿ. "ನಮ್ಮ ಮನಿಯವರನ್ನ ಒಂದು ತಾಸು ಕಂಪ್ಯೂಟರ್ ಮುಂದ ಕೂಡ್ರಸ್ತೀನಿ. ಯಾವುದಾರ ಒಂದು ಬಣ್ಣ ಕೆಡಸೇ ಕೆಡಸ್ತಾರ!"