ಬೊಂಬೆಗಳ ಜೊತೆ ಕೂತ ಬ್ಲಾಗು

ಓದುಗರಿಗಾಗಿ ಬರೆಯುವುದಿಲ್ಲ, ಆತ್ಮಸಂತೋಷಕ್ಕೆ ಬರೆಯುತ್ತೇನೆ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆತ್ಮಸಂತೋಷಕ್ಕಾದರೆ ಹಳೇ ಕ್ಯಾಲೆಂಡರಿನ ಹಿಂಭಾಗ ಸಾಲದೆ? ನಾನಂತೂ ಬ್ಲಾಗು ತೆರೆದದ್ದು ಜನ ಓದಲಿ ಎಂದೇ. ಆಗ ನಮ್ಮ ಕೃಷ್ಣಮೂರ್ತಿಪುರಂಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಕನ್ನಡ ಟೈಪಿಂಗ್ ಕಲಿತು, ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಆರು ತಿಂಗಳು ಬರೆದೆ. ಬಂದವರನ್ನು ಎಣಿಸಲು ಪುಟದ ಬುಡದಲ್ಲೊಂದು ಕೌಂಟರ್ ಇತ್ತು. ಅದು ಮೂವತ್ತೆಂಟು ತೋರಿಸುತ್ತಿತ್ತು. ಅದರಲ್ಲಿ ಮೂವತ್ತು ನಾನೇ.

ಬ್ಲಾಗು ಮಾಡಿಕೊಟ್ಟವನು ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿದ್ದ ನನ್ನ ಮೈದುನ ನಾಗರಾಜ. ಒಂದು ಭಾನುವಾರ ಬಂದವನು ಕೌಂಟರ್ ನೋಡಿ ನಕ್ಕುಬಿಟ್ಟ. "ಅತ್ತಿಗೆ, ವಿಜಯದಶಮಿ ಹೊತ್ಗೆ ನೂರು ದಾಟ್ಲಿಲ್ಲಾಂದ್ರೆ ಅಂಗಡಿ ಮುಚ್ಬುಡಿ" ಎಂದ. "ದಾಟಿಸ್ತೀನಿ, ನೋಡ್ತಿರು" ಎಂದೆ. ಹೇಗೆ ಎಂಬುದು ನನಗೂ ಗೊತ್ತಿರಲಿಲ್ಲ.

ನವರಾತ್ರಿ ಬಂತು. ಬೊಂಬೆ ಕೂರಿಸುವಾಗ ಹೊಳೆಯಿತು. ಒಂಬತ್ತು ದಿನವೂ ಸಂಜೆ ಬೀದಿಯ ಹೆಂಗಸರೆಲ್ಲ ಬೊಂಬೆ ನೋಡಲು ಬರುತ್ತಾರೆ. ಓದುಗರನ್ನು ನಾನೇಕೆ ಬೇರೆಲ್ಲೋ ಹುಡುಕಬೇಕು? ಕೆಳಗಿನ ಮೆಟ್ಟಿಲಲ್ಲಿ, ಅಂಗಡಿ ಇಟ್ಟುಕೊಂಡು ಕೂತ ಶೆಟ್ಟಿ ಬೊಂಬೆಯ ಪಕ್ಕದಲ್ಲೇ ಕಂಪ್ಯೂಟರ್ ಕೂರಿಸಿದೆ. ಅದಕ್ಕೂ ಕುಂಕುಮವಿಟ್ಟೆ. ಒಂದು ಬರಹ ಓದಿದವರಿಗೆ ಮಾತ್ರ ಬೊಂಬೆ ಬಾಗಿನದ ತಿಂಡಿ ಎಂದು ಸಾರಿದೆ. ತಿಂಡಿಯೇನು ಮಹಾ, ಬರೀ ಕೊಬ್ಬರಿ ಸಕ್ಕರೆ. ನನ್ನ ಚಕ್ಕುಲಿ ಒರಳನ್ನು ಎದುರುಮನೆ ಶಾರದಮ್ಮ ಮೂರು ವರ್ಷದ ಹಿಂದೆ ತೆಗೆದುಕೊಂಡು ಹೋದವರು ವಾಪಸ್ ಕೊಟ್ಟಿರಲಿಲ್ಲ.

ಆ ಸಂಗತಿಯನ್ನೂ ಬ್ಲಾಗಿನಲ್ಲಿ ಬರೆದಿದ್ದೆ, ಹೆಸರು ಸಮೇತ. ಯಾರೂ ಓದುವುದಿಲ್ಲವೆಂಬ ಧೈರ್ಯ! ಎರಡನೇ ಸಂಜೆ ಶಾರದಮ್ಮ ಕನ್ನಡಕ ಏರಿಸಿ ಕೂತರು. ತೆರೆದದ್ದು ಅದೇ ಪುಟ.

"ಏನ್ರೀ ಇದು? ನನ್ನ ಮಾನ ಊರಿಗೆಲ್ಲಾ ಹಂಚ್ಬುಟ್ಟಿದೀರಲ್ಲ!"

"ಊರಿಗೆಲ್ಲಿ ಹಂಚ್ದೆ ಕಣ್ರೀ, ಓದ್ದೋರು ನೀವೇ ಮೊದಲು."

"ತೆಗೀರಿ ಅದನ್ನ."

"ತೆಗೆಯಲ್ಲ. ಒರಳು ಕೊಡಿ, ಕೊಟ್ರು ಅಂತಾನೂ ಬರೀತೀನಿ."

ನಾನು ಹಿಂದೆ ಸರಿಯಲಿಲ್ಲ. ಶಾರದಮ್ಮ ದಡದಡನೆ ಹೋಗಿ ಒರಳು ತಂದು ಪಟ್ಟದ ಬೊಂಬೆಗಳ ಮುಂದೆ ಕುಕ್ಕಿದರು. "ಈಗ್ಲೇ ಬರೀರಿ, ನನ್ನೆದುರಿಗೇ" ಎಂದು ಪಕ್ಕದಲ್ಲೇ ಕೂತರು. ಬರೆದೆ. ಬರೆದು ಇಷ್ಟು ಬೇಗ ಫಲ ಕಂಡವರು ಯಾರಿದ್ದಾರೆ ಹೇಳಿ!

ಮರುದಿನದಿಂದ ನಮ್ಮ ಮನೆಯಲ್ಲಿ ಚಕ್ಕುಲಿ. ಶಾರದಮ್ಮ ತಮ್ಮ ನೆಂಟರನ್ನೆಲ್ಲ ಕರೆತಂದು, "ಇದು ನನ್ನ ಮೇಲೇ ಬರ್ದಿರೋದು" ಎಂದು ಓದಿಸತೊಡಗಿದರು. ಜಾಗವಿಲ್ಲದೆ ಜನ ಜಗಲಿಯಲ್ಲಿ ಕಾದರು. ವಿಜಯದಶಮಿಯ ದಿನ ನಾಗರಾಜನನ್ನು ಕರೆದು, ಗೆದ್ದವಳ ಗತ್ತಿನಲ್ಲಿ ಕೌಂಟರ್ ತೋರಿಸಿದೆ. ನಲವತ್ತೆಂಟು!

"ಒಂದು ಕಂಪ್ಯೂಟರ್ನ ಅದು ದಿನಕ್ಕೆ ಒಂದೇ ಸಲ ಎಣ್ಸೋದು ಅತ್ತಿಗೆ" ಎಂದ, ಚಕ್ಕುಲಿ ಮುರಿಯುತ್ತಾ. "ಸೋತ್ರಿ. ಮುಚ್ಚಿ ಇನ್ನು."

"ಎಣಿಸೋಕೆ ಬರ್ದೇ ಇರೋದು ಅದಕ್ಕೆ. ಅದರ ತಪ್ಪಿಗೆ ನಾನ್ಯಾಕೋ ಮುಚ್ಚಲಿ?" ಎಂದು ಅವತ್ತೇ ಕೌಂಟರನ್ನು ಅವನ ಕೈಯಲ್ಲೇ ಕಿತ್ತುಹಾಕಿಸಿದೆ. ಬ್ಲಾಗನ್ನು ಮುಚ್ಚಲಿಲ್ಲ.

ಬೊಂಬೆಗಳು ಪೆಟ್ಟಿಗೆ ಸೇರಿದವು, ಓದುಗರು ಮಾತ್ರ ಬರುವುದನ್ನು ಬಿಡಲಿಲ್ಲ. ಪ್ರತಿ ಶುಕ್ರವಾರ ಸಂಜೆ ಶಾರದಮ್ಮನ ಮುಂದಾಳತ್ವದಲ್ಲಿ ಏಳೆಂಟು ಜನ ಬಂದು, "ಹೊಸದೇನು ಬರ್ದ್ರಿ?" ಎಂದು ಕೇಳುತ್ತಾರೆ. ಬರೆದ ದಿನವೆಲ್ಲ ನಾನು ಬಾಣಲೆಯನ್ನೂ ಒಲೆಯ ಮೇಲೆ ಇಡುತ್ತೇನೆ. "ಒಂದು ವಾರ ಚಕ್ಕುಲಿ ಇಲ್ದೆ ಬರೀರಿ ನೋಡೋಣ" ಎಂದು ನಾಗರಾಜ ಹೊಸ ಸವಾಲು ಹಾಕಿದ್ದಾನೆ. ನಾನು ಯಾರಿಗೂ ಹೆದರುವವಳಲ್ಲ. ಆದರೆ ಈ ಶುಕ್ರವಾರಕ್ಕೆ ಹಿಟ್ಟು ಆಗಲೇ ಬೀಸಿಸಿ ಆಗಿದೆ.