ಕ್ಯಾಮೆರಾಕ್ಕೂ ಒಂದು ಸೋಮವಾರ

ನಮ್ಮ ದೊಡ್ಡಪ್ಪನ ಮನೆಯ ಗೋಡೆ ಗಡಿಯಾರ ವಾರಕ್ಕೆ ಆರೇ ದಿನ ಓಡುತ್ತಿತ್ತು ಎಂದರೆ ನೀವು ನಂಬುವುದಿಲ್ಲ. ಕೆಟ್ಟಿತ್ತೇ? ಖಂಡಿತ ಇಲ್ಲ! ಸೋಮವಾರ ಬೆಳಗ್ಗೆ ಎದ್ದವರೇ ದೊಡ್ಡಪ್ಪ ಅದರ ಲೋಲಕವನ್ನು ಕೈಯಾರೆ ಹಿಡಿದು ನಿಲ್ಲಿಸುತ್ತಿದ್ದರು. ಮಂಗಳವಾರ ಯಲಹಂಕದ ಕಡೆಯಿಂದ ಬರುವ ಮೊದಲ ಬಸ್ಸಿನ ಹಾರನ್ ಕೇಳಿ, ಮುಳ್ಳು ಸರಿಪಡಿಸಿ, ಮತ್ತೆ ಓಡಿಸುತ್ತಿದ್ದರು. ಬಸ್ಸೇ ತಡವಾಗಿ ಬಂದರೆ ಇಡೀ ವಾರ ನಮ್ಮ ಮನೆಯೂ ತಡ.

ಸೋಮವಾರ ಬಸವಣ್ಣನ ವಾರ, ಅಂದು ಎತ್ತಿನ ಹೆಗಲ ಮೇಲೆ ನೊಗ ಇಡಬಾರದು ಎಂಬುದು ಅಲ್ಲಾಳಸಂದ್ರದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಉಳಿದವರು ಎತ್ತಿಗೆ ರಜ ಕೊಟ್ಟು ಸುಮ್ಮನಾದರೆ ದೊಡ್ಡಪ್ಪ ದುಡಿಯುವ ಸಕಲ ವಸ್ತುಗಳಿಗೂ ಕೊಟ್ಟುಬಿಟ್ಟಿದ್ದರು. ಸೈಕಲ್ಲಿಗೆ ರಜ, ಗುದ್ದಲಿಗೆ ರಜ, ಬಾವಿಯ ರಾಟೆಗೂ ರಜ! ಭಾನುವಾರವೇ ನೀರು ಸೇದಿ ಹಂಡೆ ತುಂಬಿಸಿಡುವ ಕೆಲಸ ನನ್ನದು. ಹುಣಸಮಾರನಹಳ್ಳಿಯವನಾದ ನಾನು, ಕೆಲಸಕ್ಕೆ ಹತ್ತಿರವೆಂದು ಆ ಮನೆಯಲ್ಲಿದ್ದೆ.

ಒಂದು ದಿನ ದೊಡ್ಡಮ್ಮ ಕೇಳಿಯೇಬಿಟ್ಟರು: "ಎಲ್ಲಾಕ್ಕೂ ರಜ ಕೊಟ್ರಿ. ಒಲೆ ಮುಂದೆ ಕುಂತಿರೋಳ್ಗೆ ಯಾವತ್ತು?"

ದೊಡ್ಡಪ್ಪ ಯೋಚಿಸಿದರು. ನ್ಯಾಯವಂತರು ನೋಡಿ! ಮುಂದಿನ ಸೋಮವಾರದಿಂದ ಮುದ್ದೆ ಅವರೇ ತೊಳಸಿ ಕಟ್ಟತೊಡಗಿದರು. ಅದನ್ನು ನಾವು ನುಂಗಿದ್ದು ದೇವರಿಗೇ ಪ್ರೀತಿ. ದೊಡ್ಡಮ್ಮ ಮಾತ್ರ ಗೋಡೆಗೊರಗಿ, ಎಲೆ ಅಡಿಕೆ ಹಾಕಿಕೊಂಡು, "ಗಂಟೈತೆ, ಗಂಟೈತೆ" ಎಂದು ತಪ್ಪು ಹುಡುಕುತ್ತ ಕೂತಿರುತ್ತಿದ್ದರು.

ಇಂಥವರ ಎತ್ತುಗಳನ್ನು ನಂಬಿ ನಾನು ನನ್ನ ನೌಕರಿಯನ್ನೇ ಪಣಕ್ಕಿಟ್ಟೆ.

ಆಗ ನಾನು ಹೆಬ್ಬಾಳದ ಕಡೆಯ ಒಂದು ವಿಶ್ವವಿದ್ಯಾಲಯದ ಚಿತ್ರ ವಿಭಾಗದಲ್ಲಿ ಹಂಗಾಮಿ ಸಹಾಯಕ. ಹೆಸರು ಹೇಳುವುದಿಲ್ಲ, ಈಗಲೂ ನೋಟೀಸು ಬಂದೀತು! ರೈತರಿಗೆ ತೋರಿಸುವ ಸಿನಿಮಾಗಳನ್ನು ತಯಾರಿಸುವುದು ನಮ್ಮ ಕೆಲಸ. ಇಡೀ ವಿಶ್ವವಿದ್ಯಾಲಯಕ್ಕೆ ಇದ್ದದ್ದು ಕೀಲಿ ಕೊಟ್ಟು ಓಡಿಸುವ ಒಂದೇ ಒಂದು ಮೂವಿ ಕ್ಯಾಮೆರಾ. ಯಾರಿಗೆ ಯಾವ ವಾರ ಎಂದು ಗೋಡೆಯ ಮೇಲೆ ಪಟ್ಟಿ. ಮಂಗಳವಾರ ಪಶುವೈದ್ಯರಿಗೆ, ಬುಧವಾರ ತೋಟಗಾರಿಕೆಗೆ, ಗುರುವಾರ ಮಣ್ಣಿನವರಿಗೆ, ಶುಕ್ರವಾರ ಕೀಟದವರಿಗೆ, ಶನಿವಾರ ಸಮಾರಂಭದ ಹಾರ ತುರಾಯಿಗಳಿಗೆ. ಭಾನುವಾರದ ಮುಂದೆ "ಇತರೆ" ಎಂದಿತ್ತು. ನಮಗೆ ಉಳಿದದ್ದು? ಸೋಮವಾರ!

ನಮ್ಮ ಮುಖ್ಯಸ್ಥರು ನನ್ನನ್ನು ಕರೆದು, "ಕಬ್ಬಿಣದ ನೇಗಿಲಿನ ಫಿಲ್ಮ್ ಮುಂದಿನ ತಿಂಗಳ ರೈತರ ಪ್ರದರ್ಶನಕ್ಕೆ ರೆಡಿ ಇರ್ಬೇಕು ಕಣಯ್ಯ. ಚೆನ್ನಾಗಿ ಬಂದ್ರೆ ನಿನ್ನ ಕೆಲಸ ಪರ್ಮನೆಂಟ್. ಇಲ್ದಿದ್ರೆ ಊರಿಗೆ ಹೋಗಿ ನೇಗಿಲೇ ಹಿಡ್ಕೋ" ಎಂದರು.

ನಾನು ಎದೆ ಉಬ್ಬಿಸಿ, "ನಮ್ಮ ದೊಡ್ಡಪ್ಪನ ಜೋಡಿ ಇದೆ ಸಾರ್. ಬೋರ, ಕೆಂಪ. ಯಾವ ಹೀರೋಗೂ ಕಡಿಮೆ ಇಲ್ಲ" ಎಂದೆ. ಸೋಮವಾರದ ನೆನಪು ಬಂದದ್ದು ಮನೆಯ ಹೊಸಿಲು ದಾಟಿದ ಮೇಲೆ.

"ಸೋಮ್ವಾರ ನೊಗ ಕಟ್ಟಾದಾ?" ದೊಡ್ಡಪ್ಪ ಹೌಹಾರಿದರು.

"ಕಟ್ಟಿದ ಹಾಗೆ ಮಾಡಿದ್ರೆ ಸಾಕು ದೊಡ್ಡಪ್ಪ, ಎರಡೇ ಸಾಲು."

"ಕಟ್ಟಿದಂಗೆ ಅಂತ ಎತ್ತಿಗ್ ಗೊತ್ತಾಯ್ತದಾ? ಅದು ನಿಜ್ವಾಗ್ಲೂ ಎಳೀತದಲ್ಲ!"

ಕೆಲಸ ಹೋಗುತ್ತದೆ ಎಂದು ಗೋಗರೆದೆ. ದೊಡ್ಡಪ್ಪ ಎದ್ದು, ಮದುವೆಗೆಂದು ಇಟ್ಟಿದ್ದ ಕರಿ ಕೋಟು ಹಾಕಿ, ರುಮಾಲು ಸುತ್ತಿಕೊಂಡರು. "ನಡಿ, ನಿಮ್ಮ ಸಾಯೇಬ್ರನ್ನ ನೋಡ್ಬೇಕು" ಎಂದರು.

ಮುಖ್ಯಸ್ಥರು ಹಳ್ಳಿಯ ಹಿರಿಯರು ಬಂದರೆಂದು ಹೆಮ್ಮೆಯಿಂದ ಕ್ಯಾಮೆರಾ ತೆಗೆದು ತೋರಿಸಿದರು. ದೊಡ್ಡಪ್ಪ ಅದರ ಸುತ್ತ ಒಂದು ಸುತ್ತು ಬಂದರು. ಹಲ್ಲು ಎಣಿಸುವುದೊಂದು ಬಾಕಿ!

"ಇದುಕ್ಕೆ ಯಾವ ವಾರ ರಜ ಸ್ವಾಮಿ?"

"ರಜಾನಾ? ಇದು ಮೆಷಿನ್ ರೀ!"

"ದುಡೀತದೋ ಇಲ್ವೋ?"

"ದುಡಿಯುತ್ತೆ. ಏಳು ದಿನಾನೂ."

"ಏಳ್ ದಿನಾನೂ! ಏಳ್ ಜನದ ಕೈಯಾಗೆ! ಕಾಲ್ ಮುರ್ಕಂಡಿಲ್ವಾ ಇನ್ನೂ?"

ಮುಖ್ಯಸ್ಥರ ಮುಖ ತಟ್ಟನೆ ಸಪ್ಪಗಾಯಿತು. ದೊಡ್ಡಪ್ಪ ತಿಳಿಯದೆಯೇ ಅವರ ಹುಣ್ಣಿನ ಮೇಲೆ ಬೆರಳಿಟ್ಟಿದ್ದರು. "ಏನ್ ಹೇಳ್ಲಿ ಯಜಮಾನ್ರೇ. ಈ ವರ್ಷ ಮೂರ್ ಸಲ ರಿಪೇರಿಗೆ ಹೋಯ್ತು. ಮಣ್ಣಿನೋರು ಧೂಳು ತುಂಬಿ ಕೊಡ್ತಾರೆ, ಹಾಗೇ ಇಸ್ಕೊಂಡು ಕೀಟದೋರು ಹೋಗ್ತಾರೆ. ಒರೆಸೋಕೂ ನಂಗೊಂದು ದಿನ ಸಿಗಲ್ಲ" ಎಂದು ಅವರು ತಮ್ಮ ಗೋಳನ್ನೆಲ್ಲ ತೋಡಿಕೊಂಡರು. ನನ್ನ ಮುಂದೆ ಎಂದೂ ಹೀಗೆ ಮಾತಾಡಿದವರಲ್ಲ! ಇಬ್ಬರೂ ಕಾಫಿ ಕುಡಿದರು. ಕಾಫಿ ಮುಗಿಯುವಷ್ಟರಲ್ಲಿ ಮುಖ್ಯಸ್ಥರು ಎದ್ದು, ಕೆಂಪು ಶಾಯಿಯಲ್ಲಿ, ಸೋಮವಾರದ ಮುಂದೆ "ಕ್ಯಾಮೆರಾಕ್ಕೆ ವಿಶ್ರಾಂತಿ" ಎಂದು ಬರೆದೇಬಿಟ್ಟರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ! ನಮಗಿದ್ದ ಒಂದೇ ಒಂದು ದಿನವನ್ನು ದೊಡ್ಡಪ್ಪ ಕ್ಯಾಮೆರಾಕ್ಕೇ ದಾನ ಮಾಡಿದ್ದರು. ನಾನು ಮನಸ್ಸಿನಲ್ಲೇ ನೇಗಿಲು ಹಿಡಿದು ಹೊಲಕ್ಕಿಳಿದಿದ್ದೆ. ಅಷ್ಟರಲ್ಲಿ ದೊಡ್ಡಪ್ಪ ಪಟ್ಟಿಯ ಕೊನೆಯ ಸಾಲಿನ ಮೇಲೆ ಕೈಯಿಟ್ಟು, "ಇದೇನ್ ಬರ್ದೈತ್ಲಾ?" ಎಂದರು. ಓದಿ ಹೇಳಿದೆ.

"ಈ ಇತರೆ ಅನ್ನೋರು ಯಾರು ಸ್ವಾಮಿ? ಯಾವ ಊರು?"

ಮುಖ್ಯಸ್ಥರು ಕೆಮ್ಮಿದರು. ಇತರೆ ಎಂದರೆ ಸಾಹೇಬರುಗಳ ಮನೆಯ ನಾಮಕರಣ, ಹುಟ್ಟುಹಬ್ಬ ಎಂಬುದು ಕಟ್ಟಡಕ್ಕೆಲ್ಲ ಗೊತ್ತಿದ್ದ ಗುಟ್ಟು. ಹಿಂದಿನ ಭಾನುವಾರದ ಇತರೆ ಗಂಗಾನಗರದಲ್ಲಿದ್ದ ಅವರ ಸ್ವಂತ ಮೊಮ್ಮಗು! ಅವರು ಆ ಪದವನ್ನು ಹೊಡೆದುಹಾಕಿ ನಮ್ಮ ವಿಭಾಗದ ಹೆಸರು ಬರೆದರು. ನನಗೆ ಕುಣಿಯಬೇಕೆನಿಸಿತು.

ಭಾನುವಾರ ಕ್ಯಾಮೆರಾ ಅಲ್ಲಾಳಸಂದ್ರಕ್ಕೆ ಬಂತು. ಹದವಾದ ಹೊಲ, ಮಿರುಗುವ ನೇಗಿಲು, ಅರಿಶಿನ ಕುಂಕುಮ ಹಚ್ಚಿಸಿಕೊಂಡ ಬೋರ ಮತ್ತು ಕೆಂಪ. ಎಲ್ಲವೂ ಸುಸೂತ್ರವಾಗಿ ನಡೆದು ಸ್ವಲ್ಪವೇ ರೀಲು ಉಳಿಯಿತು. ಅದರಲ್ಲಿ ಮಣ್ಣು ಸೀಳುವ ನೇಗಿಲ ಗುಳವನ್ನು ಹತ್ತಿರದಿಂದ ತೆಗೆದು ಮುಗಿಸಬೇಕೆಂದು ಮುಖ್ಯಸ್ಥರ ಕಟ್ಟಪ್ಪಣೆ. ದೊಡ್ಡಪ್ಪ ನೊಗ ಇಳಿಸಿ, ಎತ್ತುಗಳನ್ನು ಕೆರೆಯ ಕಡೆ ತಿರುಗಿಸಿ, "ತಗೀಲಾ" ಎಂದರು.

"ಮುಗೀತು ದೊಡ್ಡಪ್ಪ. ಇನ್ನು ನೇಗಿಲು ಮಾತ್ರ."

"ಎತ್ತು ನೀರು ಕುಡೀದೆ ಬೇಸಾಯ ಎಂಗ್ಲಾ ಮುಗೀತದೆ?"

ಕಬ್ಬಿಣದ ನೇಗಿಲಿಗೆ ಮೀಸಲಾಗಿದ್ದ ರೀಲನ್ನೆಲ್ಲ ಬೋರ ಒಬ್ಬನೇ ಕುಡಿದು ಮುಗಿಸಿದ. ಎಷ್ಟು ನಿಧಾನ ಅಂತೀರಿ! ಪ್ರದರ್ಶನದ ಹಿಂದಿನ ದಿನ ತೊಳೆದು ಬಂದ ಫಿಲ್ಮನ್ನು ನೋಡಿ ಮುಖ್ಯಸ್ಥರು ತಲೆ ಚಚ್ಚಿಕೊಂಡರು. ಆದರೆ ಬೇರೆ ರೀಲಿಲ್ಲ, ದಿನವೂ ಇಲ್ಲ.

ಪ್ರದರ್ಶನದ ದಿನ ನೇಗಿಲು ಉಳುವಾಗ ರೈತರು ಗಂಭೀರವಾಗಿ ತಲೆದೂಗಿದರು. ಕೊನೆಗೆ ಬೋರ ಮೂತಿ ನೀರಿಗಿಟ್ಟು, ಕುಡಿದು, ತಲೆಯೆತ್ತಿ ನೇರ ನಮ್ಮ ಕಡೆ ನೋಡಿದನಲ್ಲ, ಚಪ್ಪಾಳೆ, ಶಿಳ್ಳೆ! "ಇದ್ನ ಮಾಡ್ದೋನು ಬೇಸಾಯ ಗೊತ್ತಿರೋನು ಬುಡು" ಎಂದು ಹಿಂದಿನಿಂದ ಯಾರೋ ಕೂಗಿದರು. ದೊಡ್ಡಪ್ಪನಿಗೆ ಹಾರ ಹಾಕಿದರು. ನನ್ನ ಕೆಲಸ ಕಾಯಂ ಆಯಿತು. ಸೋಮವಾರಗಳಂದು ಒರೆಸಿ ಎಣ್ಣೆ ಬಿಟ್ಟಿದ್ದ ಕ್ಯಾಮೆರಾ ಮುಂದಿನ ಇಡೀ ವರ್ಷ ರಿಪೇರಿಯ ಮುಖ ನೋಡಲಿಲ್ಲ. ಗೆದ್ದವರು ಯಾರು ಹೇಳಿ?

ಅದೇ ಹುಮ್ಮಸ್ಸಿನಲ್ಲಿ ನಾನು ಅಲ್ಲಾಳಸಂದ್ರದಲ್ಲೂ ಸಿನಿಮಾ ಹಾಕಿ, ಒಂದು ತಪ್ಪು ಮಾಡಿದೆ. ಅಂದು ಸೋಮವಾರ! ಪರದೆಯ ಮೇಲೆ ಬೋರ, ಕೆಂಪ ನೊಗ ಹೊತ್ತು ಬಂದರೋ ಇಲ್ಲವೋ, ಬೆಳಕಿಗೆ ಅಡ್ಡವಾಗಿ ಒಂದು ದೊಡ್ಡ ರುಮಾಲಿನ ನೆರಳು ಎದ್ದು ನಿಂತಿತು. "ನಿಲ್ಸ್ಲಾ! ಇವತ್ತೂ ದುಡಿಸ್ತೀಯಾ ಅವ್ಗಳ್ನ?" ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಸುದ್ದಿ ಕೇಳಿದ ಮುಖ್ಯಸ್ಥರು ನಗಲಿಲ್ಲ. ಪಟ್ಟಿಯಲ್ಲಿ ಪ್ರೊಜೆಕ್ಟರಿಗೂ ಕೆಂಪು ಶಾಯಿಯ ಸೋಮವಾರ ಬಂತು.

ಕೆಲವು ವರ್ಷಗಳ ಮೇಲೆ ಬೋರ ಸತ್ತ. ವಯಸ್ಸಾಗಿತ್ತು. ದೊಡ್ಡಪ್ಪ ಅಳಲಿಲ್ಲ, ಮಾತು ಮಾತ್ರ ಕಡಿಮೆಯಾಯಿತು. ತಿಂಗಳ ನಂತರ ಒಂದು ಬೆಳಗ್ಗೆ ಅವರು ಅದೇ ಕರಿ ಕೋಟು ಹಾಕಿಕೊಂಡು ವಿಭಾಗದ ಬಾಗಿಲಲ್ಲಿ ನಿಂತಿದ್ದರು. ಸೈಕಲ್ಲಿಗೆ ರಜ, ನಡೆದೇ ಬಂದಿದ್ದರು.

"ಬೋರನ್ನ ಒಂದ್ಸಲ ನೋಡ್ಬೇಕಿತ್ತು ಮಗಾ."

"ಇವತ್ತು ಸೋಮವಾರ ದೊಡ್ಡಪ್ಪ. ಮೆಷಿನ್ನಿಗೂ ರಜ. ನೀವೇ ಕೊಡಿಸಿದ್ದು."

ಅವರು ಒಳಗೆ ಬಂದು ಪ್ರೊಜೆಕ್ಟರಿನ ಮೇಲೆ ಕೈಯಿಟ್ಟರು. ಎತ್ತಿನ ಬೆನ್ನು ಸವರುವಂತೆ ಸವರಿದರು. "ಒಂದ್ ಗಳ್ಗೆ ಕಣಪ್ಪ. ಉಳಾದ್ ಬ್ಯಾಡ. ನೀರ್ ಕುಡ್ಯಾದ್ ಅಷ್ಟೇಯ" ಎಂದರು. ಕೇಳಿದ್ದು ನನ್ನನ್ನಲ್ಲ, ಅದನ್ನು.

ನಾನು ಕಿಟಕಿ ಮುಚ್ಚಿ, ಉಳುವ ಭಾಗವನ್ನೆಲ್ಲ ಕೈಯಲ್ಲೇ ಸುತ್ತಿ ದಾಟಿಸಿ, ದೀಪ ಹಾಕಿದೆ. ಗೋಡೆಯ ಮೇಲೆ ಕೆರೆ ಬಂತು, ಬೋರ ಬಂದ. ಮೂತಿ ನೀರಿಗಿಟ್ಟ. ಎಷ್ಟು ನಿಧಾನ! ಇನ್ನಷ್ಟು ನಿಧಾನವಾಗಿ ಕುಡಿಯಬಾರದೇ ಎಂದು ನನಗೆ ಅಳು ಬಂತು.

ದೊಡ್ಡಪ್ಪ ಗೋಡೆಯ ಹತ್ತಿರಕ್ಕೆ ಹೋಗಿ ನಿಂತರು. "ಕುಡಿಯಪ್ಪಾ, ಸಾಕಾಗೋಗಂಟ ಕುಡಿ" ಎಂದರು. "ಇವತ್ತು ಸೋಮ್ವಾರ."