ಹಸಿರು ಶಾಯಿಯ ಅಭಿಮಾನಿ

ಖಾಜಾ ಸಾಬ್: ಮುಂಜಾನಿ ಏಳು ಪುಸ್ತಕ ಒಯ್ದಿ, ಮಧ್ಯಾಹ್ನಕ್ಕ ಏಳೂ ವಾಪಸ್! ಓದಿ ತಂದ್ಯೋ, ತೂಕ ಮಾಡಿ ತಂದ್ಯೋ?

ಹುಸೇನಪ್ಪ: ಓದೀನ್ರೀ ಸಾಬ್ರ. ಕಡೀತನಕ.

ಖಾಜಾ ಸಾಬ್: ಹಂಗಾದ್ರ ಇದರಾಗ ಕೊಲಿ ಮಾಡಿದವ ಯಾರು, ಹೇಳು.

ಹುಸೇನಪ್ಪ: ಕೊಲಿ ಆಗ್ಯದೇನ್ರಿ?

(೧೯೮೨ನೇ ಇಸವಿ. ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಖಾಜಾ ಸಾಬರದು ಕಾದಂಬರಿ ಬಾಡಿಗೆಗೆ ಕೊಡುವ ಅಂಗಡಿ. ಹುಸೇನಪ್ಪ ದೇವದುರ್ಗದ ತರುಣ. ಹರೆಯದವರಿಗೆಂದೇ ಕಾದಂಬರಿ ಬರೆಯುತ್ತಾನೆ. ಒಂದು ಅಚ್ಚಾಗಿದೆ. ಎರಡನೆಯದು ಬಗಲಚೀಲದಲ್ಲಿದೆ, ಸಂಜೆ ಪ್ರೆಸ್ಸಿಗೆ ಕೊಡಬೇಕು.)

ಹುಸೇನಪ್ಪ: ಅಚ್ಚಾದದ್ದು ಓದೋದು ಬಿಟ್ಟು ಆರು ತಿಂಗಳಾತ್ರಿ. ಅಂಚಿನಾಗ ಮಂದಿ ಪೆನ್ನಿಲೆ ಗೀಚಿರ್ತಾರಲ್ಲ, ಈಗ ಅಷ್ಟೇ ಓದ್ತೀನಿ. ಹುಡುಗರ ಮನಸು ಅಲ್ಲೇ ಅದ.

ಖಾಜಾ ಸಾಬ್: ಯಾ ಅಲ್ಲಾ! ಊಟಕ್ಕ ಕರದ್ರ ಅನ್ನ ಬಿಟ್ಟು ಗಂಗಾಳದ ಅಂಚು ನೆಕ್ಕಿದಂಗಾತಲ್ಲೋ ನಿಂದು! ‘ಪುಸ್ತಕದಲ್ಲಿ ಗೀಚಬಾರದು’ ಅಂತ ಬೋರ್ಡ್ ಹಾಕೀನಿ, ಕಾಣಂಗಿಲ್ಲೇನು?

ಹುಸೇನಪ್ಪ: ಅದರಾಗೂ ಹಸಿರು ಶಾಯಿ ಇದ್ದ ಪುಸ್ತಕ ಅಷ್ಟೇ ಆರಿಸಿ ಒಯ್ತೀನಿ. ನೋಡ್ರಿ, ನಲವತ್ತನೇ ಪುಟ. ನಾಯಕ ಉಪ್ಪಿಟ್ಟು ತಿನ್ನಾಕತ್ತಾನ. ಅಂಚಿನಾಗ ಹಸಿರು ಶಾಯಿಲೆ: ‘ಕಣ್ಣೀರು ಬಂತು.’

ಖಾಜಾ ಸಾಬ್: (ಕೆಮ್ಮಿ) ಉಪ್ಪು ಜಾಸ್ತಿ ಆಗಿರಬೇಕು.

ಹುಸೇನಪ್ಪ: ಅಲ್ರೀ! ಹರೆಯದ ಹಸಿವು ಅದು! ಇದನ್ನ ಬರದಾಕಿ ಒಬ್ಬಾಕಿಗೇ ತಿಳದದ. ಅದಕ್ಕ ನನ್ನ ಹೊಸಾ ಕಾದಂಬರ್ಯಾಗ ಹನ್ನೆರಡು ಅಧ್ಯಾಯದಾಗೂ ಉಪ್ಪಿಟ್ಟು ತಿನಿಸೀನಿ.

ಖಾಜಾ ಸಾಬ್: ಹನ್ನೆರಡರಾಗೂ?

ಹುಸೇನಪ್ಪ: ಮದುವಿ ದಿನಾನೂ ಉಪ್ಪಿಟ್ಟೇ. ಅರ್ಪಣೆ ಪುಟ ಖಾಲಿ ಬಿಟ್ಟೀನಿ, ಆಕಿ ಹೆಸರು ಹಾಕಾಕ. ಪುಸ್ತಕ ಒಯ್ದವರ ರಿಜಿಸ್ಟರ್ ತೆಗೀರಿ ಸಾಬ್ರ, ಪ್ರೆಸ್ಸಿನವರು ಕಾಯಾಕತ್ತಾರ.

ಖಾಜಾ ಸಾಬ್: ಆಕಿ ಅಂತ ನಿನಗ ಯಾರ್ ಹೇಳಿದ್ರು?

ಹುಸೇನಪ್ಪ: ಅಕ್ಷರ ನೋಡಿದ್ರ ತಿಳೀತದ್ರಿ. ದುಂಡಗ ಅವ, ನಾಚಿಗೊಂಡಂಗ ಅವ. ಹದಿನೇಳು ವಯಸ್ಸು, ಹೆಚ್ಚಿಲ್ಲ.

(ಖಾಜಾ ಸಾಬರು ನರೆತ ಗಡ್ಡ ಕೆರೆದುಕೊಂಡು ರಿಜಿಸ್ಟರಿನ ಮೇಲೆಯೇ ಕುಳಿತುಬಿಟ್ಟರು. ಅಷ್ಟರಲ್ಲಿ ಅವರ ಹೆಂಡತಿ ಹೀರಾಬಿ ಬಂದಳು. ಒಂದು ಕೈಯಲ್ಲಿ ಬುತ್ತಿ, ಇನ್ನೊಂದರಲ್ಲಿ ಸೀಸೆ.)

ಹೀರಾಬಿ: ಅಜೀ, ತಗೋರಿ ನಿಮ್ಮ ಹಸಿರು ಶಾಯಿ. ತಿಂಗಳಿಗೊಂದು ಸೀಸಿ! ಕುಡೀತೀರೇನು?

(ಹುಸೇನಪ್ಪ ಸೀಸೆಯನ್ನೊಮ್ಮೆ, ನಲವತ್ತನೇ ಪುಟವನ್ನೊಮ್ಮೆ ನೋಡಿದ.)

ಹುಸೇನಪ್ಪ: ಸಾಬ್ರ... ನೀವಾ?

ಖಾಜಾ ಸಾಬ್: ಏನ್ ಮಾಡ್ಲೋ ತಮ್ಮಾ, ವ್ಯಾಪಾರ. ಯಾರೂ ಮುಟ್ಟಲಾರದ ಪುಸ್ತಕ ತಗೊಂಡು ಸಿಕ್ಕ ಪುಟದಾಗ ‘ಕಣ್ಣೀರು ಬಂತು’ ಅಂತ ಬರೀತೀನಿ. ಯಾರೋ ಓದಿ ಅತ್ತಾರ ಅಂತ ತಿಳಿದು ಮಂದಿ ಒಯ್ಲಿ ಅಂತ. ಇಲ್ಲೀತನಕ ಒಯ್ದವ ನೀನೊಬ್ಬನ.

ಹುಸೇನಪ್ಪ: ಓದಲಾರದಾ ಬರೀತೀರಾ?

ಖಾಜಾ ಸಾಬ್: ಬರಿಯೋದ್ರಾಗ ಓದಾಕ ಪುರುಸೊತ್ತೆಲ್ಲದ?

(ಹುಸೇನಪ್ಪ ಚೀಲ ಎದೆಗವಚಿಕೊಂಡು ಸ್ಟೂಲಿನ ಮೇಲೆ ಕುಸಿದ. ಪಾಪ, ಅಳು ಬಂತು. ಆಮೇಲೆ ಏನೋ ನೆನಪಾಗಿ ಮುಖ ಅರಳಿತು.)

ಹುಸೇನಪ್ಪ: ಆದ್ರ ಸಾಬ್ರ, ನನ್ನ ಮೊದಲನೇ ಕಾದಂಬರ್ಯಾಗ ಪುಟಪುಟಕ್ಕೂ ಹಸಿರು ಅದಲ್ರೀ! ಅದನ್ನಾದ್ರೂ ಖರೇನ ಅತ್ತು ಬರದೀರಿ ಹೌದಿಲ್ಲೋ?

(ಖಾಜಾ ಸಾಬರು ಬುತ್ತಿ ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿದರು.)

ಹೀರಾಬಿ: ಆ ಪುಸ್ತಕ ನಿಂದೇನಪ್ಪಾ? ಅದೊಂದಕ್ಕ ಮೂರು ಸೀಸಿ ಹೋದ್ವು, ಕಪಾಟು ಬಿಟ್ಟು ಇನ್ನೂ ಇಳೀವಲ್ದು.